ಎಲ್‌ಕೆಜಿಯ ತೋಟ ಎಲ್ಲಿ ಹೋಯ್ತು?

2024ರ ಜೂನ್ 4. ಲೋಕಸಭೆ ಚುನಾವಣೆಯ ಮತ ಎಣಿಕೆ ದಿನ. ಬೆಳಗ್ಗೆ ಆರಕ್ಕೆ ಸ್ಟುಡಿಯೋದಲ್ಲಿ ಕೂತವನು ಎದ್ದಿದ್ದು ರಾತ್ರಿ ಒಂಬತ್ತೂವರೆಗೆ. ಮುನ್ನಡೆ, ಹಿನ್ನಡೆ, ಮ್ಯಾಜಿಕ್ ನಂಬರ್ ಅಂತ ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು. ಮೇಕಪ್ ಒರೆಸಿಕೊಳ್ತಾ ಮೊಬೈಲ್ ನೋಡಿದರೆ ಹೆಂಡತಿಯ ಮೆಸೇಜ್. ಯಾರ ಸರ್ಕಾರ ಬರುತ್ತೆ ಅಂತ ಕೇಳಿರಲಿಲ್ಲ. "ಬರ್ತಾ ಎರಡು ಥರ್ಮಕೋಲ್ ಶೀಟ್, ಹಸಿರು ಗ್ಲಿಟರ್, ಫೆವಿಕಾಲ್ ತನ್ನಿ. ನಾಳೆ ಸ್ಕೂಲಲ್ಲಿ ಗ್ರೀನ್ ಡೇ."

ಜೂನ್ 5 ಅಂದರೆ ವಿಶ್ವ ಪರಿಸರ ದಿನ. ಮಗಳು ಎಲ್‌ಕೆಜಿಗೆ ಸೇರಿ ವಾರ ಕೂಡ ಆಗಿರಲಿಲ್ಲ. ಅವಳು 'ಭೂಮಿ ಉಳಿಸಿ' ಅನ್ನೋ ಮಾಡೆಲ್ ತಗೊಂಡು ಹೋಗಬೇಕಂತೆ. ಅರ್ಧ ಶಟರ್ ಎಳೆದಿದ್ದ ಸ್ಟೇಷನರಿ ಅಂಗಡಿಯವರನ್ನ ಕಾಡಿ ಬೇಡಿ ಒಳಗೆ ಹೋದೆ. ಅವರು ನಕ್ಕುಬಿಟ್ಟರು. "ಸರ್, ಸಂಜೆಯಿಂದ ಇದೇ ವ್ಯಾಪಾರ. ಎಲ್ಲರಿಗೂ ಮರಾನೇ ಬೇಕಂತೆ."

ಮಗಳು ಮಲಗಿದ್ದಳು. ನಾನೂ ನನ್ನ ಹೆಂಡತಿಯೂ ರಾತ್ರಿ ಹನ್ನೆರಡೂವರೆವರೆಗೆ ಕೂತು ಒಂದು ಮರ ಕೊರೆದೆವು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದ್ದು ಅವತ್ತು ಉಪಯೋಗಕ್ಕೆ ಬಂತು ಅಂದುಕೊಳ್ಳಿ. ಕೊರೆದ ಥರ್ಮಕೋಲ್‌ನ ಪುಡಿ ಮನೆಯೆಲ್ಲ ಹಾರಿ, ಸೋಫಾ ಕೆಳಗೆ, ಫ್ಯಾನ್ ರೆಕ್ಕೆ ಮೇಲೆ, ನನ್ನ ಕೂದಲಲ್ಲಿ ಕೂತಿತ್ತು. ಗುಡಿಸಿದಷ್ಟೂ ಪೊರಕೆಗೇ ಅಂಟಿಕೊಳ್ಳುತ್ತೆ ಅದು.

ಆಗ ನೆನಪಾಯ್ತು ನೋಡಿ. 2022ರ ಜುಲೈ 1ರಿಂದ ದೇಶಾದ್ಯಂತ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ವಸ್ತುಗಳ ಮೇಲೆ ನಿಷೇಧ ಬಂತಲ್ಲ, ಅದನ್ನ ನಾನೇ ಓದಿದ್ದೆ, ಇದೇ ಬಾಯಲ್ಲಿ. ಆ ಪಟ್ಟಿಯಲ್ಲಿ ಪ್ಲಾಸ್ಟಿಕ್ ಲೋಟ, ತಟ್ಟೆ, ಸ್ಟ್ರಾ ಮಾತ್ರ ಇಲ್ಲ. ಬಲೂನಿಗೆ ಚುಚ್ಚುವ ಪ್ಲಾಸ್ಟಿಕ್ ಕಡ್ಡಿ ಇದೆ, ಪ್ಲಾಸ್ಟಿಕ್ ಬಾವುಟ ಇದೆ, ಅಲಂಕಾರಕ್ಕೆ ಬಳಸುವ ಥರ್ಮಕೋಲ್ ಕೂಡ ಇದೆ. ಅಂದರೆ ಪರಿಸರ ಉಳಿಸೋಕೆ ಅಂತ ನಾಲ್ಕು ವರ್ಷದ ಮಗುವಿನ ಹೆಸರಲ್ಲಿ, ಮಗು ನಿದ್ದೆ ಮಾಡ್ತಿರುವಾಗ, ಅಪ್ಪ ಅಮ್ಮ ಸೇರಿ ನಿಷೇಧಿತ ವಸ್ತುವಿನಲ್ಲಿ ಮರ ಮಾಡಿದ್ದೆವು! ಅದಕ್ಕೆ ಎರಡನೇ ಬಹುಮಾನವೂ ಬಂತು.

ಶಾಲೆಯನ್ನ ಬೈಯೋಕೆ ಇದನ್ನ ಹೇಳ್ತಾ ಇಲ್ಲ. ಆ ಶಾಲೆಯ ಟೀಚರ್‌ಗಳು ಒಳ್ಳೆಯವರು. ಆದರೆ ನರ್ಸರಿ ಮಕ್ಕಳಿಗೆ ಪರಿಸರ ಕಲಿಸೋದು ಅಂದ್ರೆ ಏನು ಅನ್ನೋ ಪ್ರಶ್ನೆ ಅವತ್ತು ತಲೆ ಹೊಕ್ಕಿದ್ದು ಇನ್ನೂ ಹೊರಗೆ ಹೋಗಿಲ್ಲ.

ಮೊದಲು ಒಂದು ಪದದ ಕಥೆ ಕೇಳಿ. ಎಲ್‌ಕೆಜಿ, ಯುಕೆಜಿ ಅಂತೀವಲ್ಲ, ಆ 'ಕೆಜಿ' ಅಂದರೆ ಕಿಂಡರ್‌ಗಾರ್ಟನ್. ಜರ್ಮನ್ ಪದ. 'ಕಿಂಡರ್' ಅಂದರೆ ಮಕ್ಕಳು, 'ಗಾರ್ಟನ್' ಅಂದರೆ ತೋಟ. ಫ್ರೆಡರಿಕ್ ಫ್ರೋಬೆಲ್ ಎಂಬ ಶಿಕ್ಷಣತಜ್ಞ 1837ರಲ್ಲಿ ಜರ್ಮನಿಯ ಬಾಡ್ ಬ್ಲಾಂಕೆನ್‌ಬರ್ಗ್ ಎಂಬ ಊರಿನಲ್ಲಿ ಚಿಕ್ಕ ಮಕ್ಕಳ ಶಾಲೆ ತೆರೆದರು. 1840ರಲ್ಲಿ ಅದಕ್ಕೆ ಈ ಹೆಸರಿಟ್ಟರು. ಮಕ್ಕಳು ಗಿಡಗಳಿದ್ದ ಹಾಗೆ, ಟೀಚರ್ ತೋಟಗಾರ ಇದ್ದ ಹಾಗೆ ಅನ್ನೋ ಕವಿತ್ವ ಒಂದು ಕಡೆ ಇರಲಿ, ಅವರ ಕಲ್ಪನೆಯ ಶಾಲೆಯಲ್ಲಿ ನಿಜವಾದ ತೋಟವೇ ಇತ್ತು. ಒಂದೊಂದು ಮಗುವಿಗೂ ಅದರದ್ದೇ ಆದ ಪುಟ್ಟ ಪಾತಿ. ಜೊತೆಗೆ ಎಲ್ಲ ಮಕ್ಕಳೂ ಸೇರಿ ನೋಡಿಕೊಳ್ಳಬೇಕಾದ ಪಾತಿಗಳು. ನನ್ನ ಗಿಡ, ನಮ್ಮ ಗಿಡ ಎರಡೂ ಮಗುವಿಗೆ ಗೊತ್ತಿರಬೇಕು ಅನ್ನೋದು ಲೆಕ್ಕ.

ಈಗ ನಮ್ಮ ಬೆಂಗಳೂರಿನ ಬಡಾವಣೆಗಳಲ್ಲಿ ಮೂವತ್ತು ನಲವತ್ತರ ಸೈಟಿನಲ್ಲಿ ನಡೆಯೋ ಪ್ರೀಸ್ಕೂಲ್‌ಗಳನ್ನ ನೋಡಿ. ಗೋಡೆ ಮೇಲೆ ಕಾಡಿನ ಚಿತ್ರ ಇದೆ, ನೆಲದ ಮೇಲೆ ಹಸಿರು ಹುಲ್ಲಿದೆ. ಮುಟ್ಟಿ ನೋಡಿ, ಪ್ಲಾಸ್ಟಿಕ್! ಪಾಲಿಎಥಿಲೀನ್, ಪಾಲಿಪ್ರಾಪಿಲೀನ್ ಎಳೆಗಳು. ಏಪ್ರಿಲ್ ಬಿಸಿಲಿಗೆ ಅದರ ಮೇಲೆ ಬರಿಗಾಲಿಡೋಕೆ ಆಗಲ್ಲ. ಕೆಜಿ ಉಳೀತು, ಗಾರ್ಟನ್ ಹೋಯ್ತು.

ಇನ್ನು ಎರಡನೇ ಕಥೆ. ಇದನ್ನ ಹೇಳೋಕೆ ಸ್ವಲ್ಪ ಮುಜುಗರ ಇದೆ, ಯಾಕಂದ್ರೆ ಇದರಲ್ಲಿ ತಪ್ಪು ನಂದೇ.

ಅದೇ 2024ರ ಮಾರ್ಚ್. ಬೆಂಗಳೂರಿನ ನೀರಿನ ಪರದಾಟ ನಿಮಗೆಲ್ಲ ನೆನಪಿದೆ. ಬೋರ್‌ವೆಲ್‌ಗಳು ಬತ್ತಿದ್ದವು, ಟ್ಯಾಂಕರ್ ದರ ಏರಿತ್ತು, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ನಾವು ಚಾನೆಲ್‌ನವರು ಏನು ಮಾಡಿದೆವು? ಒಡೆದ ನೆಲದ ದೃಶ್ಯ, ಎದೆ ಡವಗುಟ್ಟಿಸೋ ಮ್ಯೂಸಿಕ್, ಕೆಂಪು ಅಕ್ಷರ. ಬೆಂಗಳೂರು ಖಾಲಿಯಾಗುತ್ತಾ, ಕೊನೇ ಹನಿ ಯಾವಾಗ ಅಂತ ಸಂಜೆಯೆಲ್ಲ ಕೂಗಿದ್ದೇ ಕೂಗಿದ್ದು. ವಿಷಯ ಗಂಭೀರವಾಗಿತ್ತು, ಹೇಳಲೇಬೇಕಿತ್ತು, ಅದನ್ನ ಅಲ್ಲಗಳೆಯಲ್ಲ.

ಒಂದು ಮಧ್ಯಾಹ್ನ ನಮ್ಮಮ್ಮ ಫೋನ್ ಮಾಡಿದರು. ತಿಪಟೂರಿನಿಂದ ಬಂದು ನಮ್ಮ ಜೊತೆ ಇದ್ದರು ಆಗ. "ಏನೋ ಇದು, ಪುಟ್ಟಿ ಬೆಳಗ್ಗೆಯಿಂದ ಒಂದು ತೊಟ್ಟು ನೀರು ಕುಡಿದಿಲ್ಲ. ಲೋಟ ಹಿಡಿದರೆ ಅಳ್ತಾಳೆ. ಬಚ್ಚಲಿಗೆ ಹೋದರೆ ಫ್ಲಶ್ ಮಾಡೋಕೆ ಬಿಡಲ್ಲ."

ಮನೆಗೆ ಹೋಗಿ ಮಡಿಲಲ್ಲಿ ಕೂರಿಸಿಕೊಂಡು ಕೇಳಿದೆ. ಅವಳು ಹೇಳಿದ್ದು ಇಷ್ಟೇ. "ಅಪ್ಪಾ, ನೀರು ಖಾಲಿ ಆಗೋಗುತ್ತೆ ಅಂತ ನೀನೇ ಟಿವಿಲಿ ಹೇಳ್ದೆ. ನಾನು ಕುಡಿದ್ರೆ ಅಜ್ಜಿಗೆ ಇರಲ್ಲ."

ನನಗೆ ಮಾತೇ ಹೊರಡಲಿಲ್ಲ. ನಾನು ಇಂಜಿನಿಯರ್ ಅಲ್ಲವಾ, ಮೊದಲು ವಿವರಿಸೋಕೆ ಹೋದೆ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿ ಕಡೆಯಿಂದ ಬರುತ್ತೆ, ಹೆಚ್ಚೂಕಮ್ಮಿ 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರ್ತಾರೆ ಅಂತ. ದೊಡ್ಡವರಿಗೆ ಈ ಲೆಕ್ಕ ಬೇಕು. 15 ಲೀಟರಿನ ಒಂದು ಬಕೆಟ್ ನೀರನ್ನ ಅಷ್ಟು ಎತ್ತರಕ್ಕೆ ಎತ್ತೋಕೆ, ಪಂಪಿನ ನಷ್ಟ, ಪೈಪಿನ ಘರ್ಷಣೆ ಎಲ್ಲ ಬಿಟ್ಟು, ಬರೀ ಎತ್ತೋಕೆ ಬೇಕಾಗೋ ಶಕ್ತಿಯಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬ್ ಎರಡು ಗಂಟೆಗೂ ಹೆಚ್ಚು ಉರಿಯುತ್ತೆ. ನೀರು ಉಳಿಸಿದರೆ ಕರೆಂಟೂ ಉಳಿಯುತ್ತೆ ಅನ್ನೋದು ಇದಕ್ಕೇ. ಆದರೆ ಅದು ನಿಮಗೆ, ನನಗೆ. ನಾಲ್ಕು ವರ್ಷದ ಮಗುವಿಗೆ 100 ಕಿಲೋಮೀಟರ್ ಅಂದರೂ ಒಂದೇ, ಚಂದ್ರಲೋಕ ಅಂದರೂ ಒಂದೇ.

ಕೊನೆಗೆ ಉಪಾಯ ಹುಡುಕಿದ್ದು ನಮ್ಮಮ್ಮ. ಅಕ್ಕಿ ತೊಳೆದ ನೀರನ್ನ ಪಾತ್ರೆಯಲ್ಲಿ ಹಿಡಿದು ಅವಳ ಕೈಗೆ ಕೊಟ್ಟರು. "ಬಾ, ಇದನ್ನ ಕರಿಬೇವಿನ ಗಿಡಕ್ಕೆ ಕುಡಿಸು. ಅದು ಕುಡಿದಾದ ಮೇಲೆ ನೀನು ಕುಡಿ." ಗಿಡಕ್ಕೆ ಹಾಕಿದಳು. ಬಂದು ಎರಡು ಲೋಟ ನೀರು ಕುಡಿದಳು. ತಾಯಿ ಮಗಳು ಅಜ್ಜಿ ಮೂವರೂ ನನ್ನನ್ನ ನೋಡಿದ ರೀತಿ ಇದೆಯಲ್ಲ, ಅದರ ಮುಂದೆ ಟಿಆರ್‌ಪಿ ಯಾವ ಲೆಕ್ಕ ಬಿಡಿ.

ಇದರ ಹಿಂದೆ ಒಂದು ವಿಚಾರ ಇದೆ. ಡೇವಿಡ್ ಸೋಬೆಲ್ ಅಂತ ಅಮೆರಿಕದ ಶಿಕ್ಷಣತಜ್ಞರೊಬ್ಬರು 1990ರ ದಶಕದಲ್ಲಿ ಇದಕ್ಕೆ ಒಂದು ಹೆಸರು ಕೊಟ್ಟು ಪುಸ್ತಕ ಬರೆದರು: 'ಇಕೋಫೋಬಿಯಾ', ಅಂದರೆ ಪರಿಸರದ ಭಯ. ಅವರ ವಾದ ಸರಳ. ಕಾಡು ಸುಡ್ತಾ ಇದೆ, ಹಿಮ ಕರಗ್ತಾ ಇದೆ, ಪ್ರಾಣಿಗಳು ಸಾಯ್ತಾ ಇವೆ ಅಂತ ಪುಟ್ಟ ಮಕ್ಕಳಿಗೆ ಹೇಳಿದರೆ ಅವರು ಪರಿಸರವಾದಿಗಳಾಗಲ್ಲ. ಹೆದರಿ ಮುಖ ತಿರುಗಿಸಿಕೊಳ್ತಾರೆ. ಅವರ ಪ್ರಕಾರ ನಾಲ್ಕನೇ ಕ್ಲಾಸಿಗೆ ಬರೋವರೆಗಾದರೂ ಮಕ್ಕಳಿಗೆ ದುರಂತದ ಪಾಠ ಬೇಡ. ಮೊದಲು ಮನೆ ಮುಂದಿನ ಮರದ ಸ್ನೇಹ ಆಗಲಿ.

ನನಗೆ ಇದು ಸರಿ ಅನ್ನಿಸುತ್ತೆ. ಮೂರರಿಂದ ಆರು ವರ್ಷದ ಮಗು ಯೋಚಿಸೋದು ಕೈಯಲ್ಲಿ, ಮೂಗಲ್ಲಿ, ಬಾಯಲ್ಲಿ. ಅದಕ್ಕೆ 'ಮುಂದಿನ ಪೀಳಿಗೆ' ಗೊತ್ತಿಲ್ಲ, 'ನಾಳಿದ್ದು' ಅನ್ನೋದೇ ಸರಿಯಾಗಿ ಗೊತ್ತಿಲ್ಲ. ಕಂಡಿದ್ದು ಮಾತ್ರ ಗೊತ್ತು. ತಾನು ಮಾಡಿದ್ದರಿಂದಲೇ ಎಲ್ಲ ಆಗುತ್ತೆ ಅಂತ ನಂಬೋ ವಯಸ್ಸದು. ಹಾಗಾಗಿ ಜಗತ್ತು ಮುಳುಗುತ್ತೆ ಅಂದರೆ ತನ್ನಿಂದಲೇ ಮುಳುಗುತ್ತೆ ಅಂದುಕೊಳ್ಳುತ್ತೆ. ನನ್ನ ಮಗಳು ನೀರು ಬಿಟ್ಟಿದ್ದು ಇದಕ್ಕೇ. ಮಕ್ಕಳ ತಲೆ ಮೇಲೆ ಕಾಗದದ ಕಿರೀಟ ಇಟ್ಟು 'ಭೂಮಿ ಕಾಯುವ ಸೈನಿಕ' ಅಂತ ಬರೆಸ್ತಾರಲ್ಲ, ನನಗೆ ಅದನ್ನ ಕಂಡರೆ ಈಗ ಸಿಟ್ಟು ಬರುತ್ತೆ. ಕೆರೆ ನುಂಗಿದ್ದು ಯಾರು ಸ್ವಾಮಿ? ಯುಕೆಜಿ ಮಕ್ಕಳಾ?

ಹಾಗಾದರೆ ಏನು ಕಲಿಸಬೇಕು? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ತುಮಕೂರು ಜಿಲ್ಲೆಯ ಒಂದು ಅಂಗನವಾಡಿಯಲ್ಲಿ. ಬೇರೆ ಸುದ್ದಿಗೆ ಅಂತ ಹೋಗಿದ್ದೆ. ಕ್ಯಾಮೆರಾಮನ್ ಊಟಕ್ಕೆ ಹೋದಾಗ ಸುಮ್ಮನೆ ಅಂಗನವಾಡಿ ಜಗುಲಿ ಮೇಲೆ ಕೂತೆ.

ಮಕ್ಕಳ ಊಟ ಮುಗಿದಿತ್ತು. ಒಬ್ಬೊಬ್ಬರಾಗಿ ಸ್ಟೀಲ್ ತಟ್ಟೆ ಹಿಡಿದು ಹಿತ್ತಲಿಗೆ ಬಂದರು. ಸಹಾಯಕಿ ಚೊಂಬಿನಿಂದ ನೀರು ಹಾಕ್ತಾ ಇದ್ದರು, ಮಕ್ಕಳು ಕೈ ತೊಳೀತಾ ಇದ್ದರು. ಆ ನೀರು ಚರಂಡಿಗೆ ಹೋಗ್ತಾ ಇರಲಿಲ್ಲ. ನಾಲ್ಕು ಇಟ್ಟಿಗೆ ಜೋಡಿಸಿ ಮಾಡಿದ ಪುಟ್ಟ ಕಾಲುವೆಯಲ್ಲಿ ಹರಿದು ಬಸಳೆ ಚಪ್ಪರದ ಬುಡಕ್ಕೆ, ಅಲ್ಲಿಂದ ಒಂದು ನುಗ್ಗೆ ಗಿಡಕ್ಕೆ ಹೋಗ್ತಿತ್ತು. ಒಬ್ಬ ಹುಡುಗ ಕೈ ತೊಳೆದವನು ಒಳಗೆ ಹೋಗಲಿಲ್ಲ. ನೀರಿನ ಹಿಂದೆಯೇ ಬಗ್ಗಿಕೊಂಡು ಹೊರಟ. ನೀರು ಎಲ್ಲಿ ನಿಲ್ಲುತ್ತೆ ಅಂತ ನೋಡಿದ. ಒಂದು ಒಣಗಿದ ಎಲೆ ಅಡ್ಡ ಬಂದಿತ್ತು, ಬೆರಳಲ್ಲಿ ತೆಗೆದ. ನನ್ನನ್ನ ನೋಡಿ, "ನಂದು ಬಸಳೆವರ್ಗೂ ಹೋಯ್ತು" ಅಂದ. 'ನಂದು' ಅಂದರೆ ಅವನು ಕೈ ತೊಳೆದ ನೀರು!

ನಾವು ಇಂಜಿನಿಯರಿಂಗ್‌ನಲ್ಲಿ ಇದಕ್ಕೆ 'ಕ್ಲೋಸ್ಡ್ ಲೂಪ್' ಅಂತೀವಿ. ಹೊರಗೆ ಹೋಗಿದ್ದು ವಾಪಸ್ ಬರೋ ವ್ಯವಸ್ಥೆ. ಆ ಬಸಳೆ ಸೊಪ್ಪು ವಾರಕ್ಕೊಮ್ಮೆ ಸಾರಿಗೆ ಬೀಳುತ್ತೆ, ಅದೇ ಮಕ್ಕಳ ತಟ್ಟೆಗೆ ಬರುತ್ತೆ. ಕೈ ತೊಳೆದ ನೀರು ಗಿಡವಾಗಿ, ಗಿಡ ಸಾರಾಗಿ, ಸಾರು ಹೊಟ್ಟೆಗೆ. ಅಂಗನವಾಡಿ ಟೀಚರನ್ನ ಕೇಳಿದೆ, "ಮೇಡಂ, ಇದು ಪರಿಸರದ ಪಾಠನಾ?" ಅವರು, "ಅಯ್ಯೋ ಪಾಠ ಏನು ಬಂತು ಸಾರ್, ಬೇಸಿಗೆಲಿ ಸೊಪ್ಪಿಗೆ ನೀರು ಬೇಕಲ್ಲ" ಅಂದರು.

ಅಂಗನವಾಡಿ ಅಂದ ಕೂಡಲೇ ನಮ್ಮ ಮಧ್ಯಮ ವರ್ಗಕ್ಕೆ ಒಂದು ತಾತ್ಸಾರ. ಆದರೆ 1975ರ ಅಕ್ಟೋಬರ್ 2ರಂದು ದೇಶದಲ್ಲಿ ಈ ಯೋಜನೆ ಪ್ರಾಯೋಗಿಕವಾಗಿ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದಿದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಪೌಷ್ಟಿಕ ಕೈತೋಟ ಮಾಡಿ ಅಂತ ಸರ್ಕಾರವೂ ಹೇಳುತ್ತೆ. ಎಲ್ಲ ಕಡೆ ಕೈತೋಟ ಇದೆ ಅಂತ ನಾನು ಸುಳ್ಳು ಹೇಳಲ್ಲ. ಎಷ್ಟೋ ಕೇಂದ್ರಗಳಿಗೆ ಹಿತ್ತಲು ಬಿಡಿ, ಸ್ವಂತ ಕಟ್ಟಡವೇ ಇಲ್ಲ. ಸಂಬಳಕ್ಕಾಗಿ ಆ ಹೆಣ್ಣುಮಕ್ಕಳು ಬೆಂಗಳೂರಿನ ಬೀದಿಯಲ್ಲಿ ಧರಣಿ ಕೂತಿದ್ದನ್ನ ನಾನೇ ವರದಿ ಮಾಡಿದ್ದೀನಿ. ಆದರೆ ಎಲ್ಲಿ ಹಿತ್ತಲಿದೆಯೋ ಅಲ್ಲಿ ಲಕ್ಷ ರೂಪಾಯಿ ಫೀಸು ಕಟ್ಟಿದರೂ ಸಿಗದ ಒಂದು ಸೌಲಭ್ಯ ಇದೆ. ಮಣ್ಣು.

ಮಣ್ಣು ಅಂದಾಗ ಒಂದು ಪ್ರಯೋಗ ಹೇಳ್ತೀನಿ. ಮನೇಲಿ ಮಗಳ ಜೊತೆ ನಾನೇ ಮಾಡಿದ್ದು. ಖರ್ಚಿಲ್ಲ, ಥರ್ಮಕೋಲ್ ಬೇಕಿಲ್ಲ. ಒಂದು ದೊಡ್ಡ ಮಣ್ಣಿನ ಕುಂಡ, ತಳದಲ್ಲಿ ತೂತು ಇರಲಿ. ಮುಕ್ಕಾಲು ಭಾಗ ಹಿತ್ತಲ ಮಣ್ಣು ಅಥವಾ ಪಾರ್ಕಿನ ಮಣ್ಣು ತುಂಬಿ. ಅಂಗಡಿಯಲ್ಲಿ ಸಿಗೋ ತೆಂಗಿನ ನಾರಿನ ಪುಡಿ ಒಂದನ್ನೇ ಹಾಕಬೇಡಿ, ಅದರಲ್ಲಿ ಜೀವಾಣುಗಳು ಕಡಿಮೆ. ಬಾಳೆಹಣ್ಣಿನ ಸಿಪ್ಪೆ, ಒಂದು ಹಸಿ ಎಲೆ, ನ್ಯೂಸ್ ಪೇಪರ್ ತುಂಡು, ಹತ್ತಿ ಬಟ್ಟೆಯ ಚೂರು, ಮಗು ತಾನೇ ತಿಂದ ಚಾಕೊಲೇಟಿನ ಕವರ್. ಐದನ್ನೂ ಮಗುವಿನ ಕೈಯಲ್ಲೇ ಹೂಳಿಸಿ. ಎಲ್ಲಿ ಏನಿದೆ ಅಂತ ಗೊತ್ತಾಗೋಕೆ ಕಡ್ಡಿ ಚುಚ್ಚಿ. ಮಣ್ಣು ಒದ್ದೆಯಾಗಿರಲಿ, ಕೆಸರಾಗೋದು ಬೇಡ. ಮುಟ್ಟಿದ ಮೇಲೆ ಸೋಪಲ್ಲಿ ಕೈ ತೊಳೆಸಿ. ಒಂದು ತಿಂಗಳು ಬಿಟ್ಟು ತೆಗೀರಿ.

ನಮ್ಮ ಮನೆಯ ಕುಂಡದಲ್ಲಿ ಬಾಳೆ ಸಿಪ್ಪೆ ಸಿಗಲೇ ಇಲ್ಲ. ಕಪ್ಪಗೆ ಒಂದು ನಾರು ಇತ್ತು ಅಷ್ಟೇ. ಎಲೆ ಜಾಲರಿಯಾಗಿತ್ತು. ಪೇಪರ್ ಮುಟ್ಟಿದರೆ ಪುಡಿ. ಬಟ್ಟೆ ಅಲ್ಲಲ್ಲಿ ತೂತು ಬಿದ್ದಿತ್ತು. ಚಾಕೊಲೇಟ್ ಕವರ್ ಮಾತ್ರ ಅಂಗಡಿಯಲ್ಲಿದ್ದ ಹಾಗೇ ಮಿರಮಿರ ಮಿಂಚ್ತಾ ಇತ್ತು. ಮಗಳು ಅದನ್ನ ತಿರುಗಿಸಿ ತಿರುಗಿಸಿ ನೋಡಿ ಕೇಳಿದಳು: "ಮಣ್ಣು ಇದನ್ನ ಯಾಕೆ ತಿನ್ನಲಿಲ್ಲ?"

ಇದಕ್ಕಿಂತ ಒಳ್ಳೆ ವಿಜ್ಞಾನದ ಪ್ರಶ್ನೆಯನ್ನ ನನ್ನ ಸ್ಟುಡಿಯೋದಲ್ಲಿ ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ. ಮಣ್ಣು ತಿನ್ನುತ್ತೆ ಅನ್ನೋದು ಎಷ್ಟು ಸರಿಯಾದ ಮಾತು! ಒಂದು ಚಮಚ ಒಳ್ಳೆ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇವೆ, ಶಿಲೀಂಧ್ರಗಳಿವೆ. ಎಲೆ, ಸಿಪ್ಪೆ, ಕಾಗದ ಅವಕ್ಕೆ ಯುಗಯುಗಗಳಿಂದ ಗೊತ್ತಿರೋ ಊಟ. ಆ ಕವರ್ ಅಂದರೆ ಪ್ಲಾಸ್ಟಿಕ್ ಪದರದ ಮೇಲೆ ಅಲ್ಯೂಮಿನಿಯಂ ಲೇಪನ, ಅದರ ಮೇಲೆ ಇನ್ನೊಂದು ಪದರ. ಅದನ್ನ ಒಡೆಯೋ ವಿದ್ಯೆ ಆ ಜೀವಿಗಳಿಗೆ ಬಂದಿಲ್ಲ. ಪದರ ಪದರ ಅಂಟಿರೋದರಿಂದ ಮರುಬಳಕೆ ಮಾಡೋದೂ ಕಷ್ಟ. ಮಗಳಿಗೆ ನಾನು ಹೇಳಿದ್ದು ಇಷ್ಟೇ, "ಮಣ್ಣಿಗೆ ಅದು ಊಟ ಅಂತ ಗೊತ್ತೇ ಆಗಲ್ಲ ಪುಟ್ಟಿ." ಅವಳಿಗೆ ಅಷ್ಟು ಸಾಕಾಯ್ತು. ಈಗ ಏನು ಸಿಕ್ಕಿದರೂ "ಇದನ್ನ ಮಣ್ಣು ತಿನ್ನುತ್ತಾ?" ಅಂತ ಕೇಳ್ತಾಳೆ. ನನ್ನ ಪಾಲಿಯೆಸ್ಟರ್ ಟೈ ನೋಡಿಯೂ ಕೇಳಿದಳು.

ಕಸದ ವಿಷಯಕ್ಕೆ ಬಂದರೆ, ಶಾಲೆಗಳು ಒಂದು ಕಡೆ ಎಡವುತ್ತವೆ. ಬೆಂಗಳೂರಿನಲ್ಲಿ ಹಸಿ ಕಸಕ್ಕೆ ಹಸಿರು ಡಬ್ಬ, ಸ್ಯಾನಿಟರಿ ಕಸಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ ಅನ್ನೋ ಪದ್ಧತಿ ಇದೆಯಲ್ಲ, ಅದನ್ನ ಮಕ್ಕಳು ಒಂದೇ ವಾರದಲ್ಲಿ ಕಲೀತಾರೆ. ಬಣ್ಣ ಬೇರ್ಪಡಿಸೋದು ಅವರಿಗೆ ಆಟ. ನಾನು ನೋಡಿದ ಒಂದು ಪ್ರೀಸ್ಕೂಲ್‌ನಲ್ಲೂ ಡಬ್ಬಗಳು ಚೆನ್ನಾಗಿದ್ದವು, ಮೇಲೆ ನಗುಮುಖದ ಸ್ಟಿಕರ್. ಮಕ್ಕಳು ಸರಿಯಾಗಿ ಹಾಕಿದರು. ಹನ್ನೆರಡೂವರೆಗೆ ಆಯಾ ಬಂದು ಎಲ್ಲ ಡಬ್ಬಗಳನ್ನೂ ಒಂದೇ ಕಪ್ಪು ಚೀಲಕ್ಕೆ ಸುರಿದರು. ವ್ಯಾನಿಗೆ ಕಾಯ್ತಾ ನಿಂತಿದ್ದ ಎರಡು ಮಕ್ಕಳು ಅದನ್ನ ನೋಡ್ತಾನೇ ಇದ್ದರು. ಆಯಾನ ತಪ್ಪಲ್ಲ, ಅವರಿಗೆ ಯಾರೂ ಹೇಳಿಲ್ಲ. ಟೀಚರ್‌ಗಳಿಗೆ ತರಬೇತಿ, ಆಯಾಗೆ ಒಂದು ಪೊರಕೆ. ನನ್ನ ಕೇಳಿದರೆ ಪರಿಸರದ ತರಬೇತಿ ಶುರುವಾಗಬೇಕಾದ್ದು ಆಯಾಗಳಿಂದ, ಅಡುಗೆಯವರಿಂದ. ಮಗು ದಿನವಿಡೀ ನೋಡೋದು ಅವರ ಕೈಯನ್ನ.

2014ರಲ್ಲಿ ಹೊಸದಾಗಿ ರಿಪೋರ್ಟರ್ ಆಗಿದ್ದಾಗ ನನ್ನನ್ನ ಮಂಡೂರಿಗೆ ಕಳಿಸಿದ್ದರು. ಬೆಂಗಳೂರಿನ ಕಸ ನಮ್ಮೂರಿಗೆ ಬೇಡ ಅಂತ ಜನ ದಾರಿಗಿಳಿದಿದ್ದ ವರ್ಷ. ಆ ವಾಸನೆ ನನ್ನ ಶರ್ಟಿನಿಂದ ಎರಡು ಒಗೆತಕ್ಕೂ ಹೋಗಿರಲಿಲ್ಲ. ಇದನ್ನೆಲ್ಲ ಮಗಳಿಗೆ ಹೇಳ್ತೀನಿ, ಹತ್ತು ವರ್ಷ ಆಗಲಿ ಅವಳಿಗೆ. ಈಗ ಬೆಳಗ್ಗೆ ಆಟೋ ಟಿಪ್ಪರ್ ಬಂದಾಗ ಚೀಲ ಕೊಡೋಕೆ ಅವಳೇ ಇಳೀತಾಳೆ. ಪೌರಕಾರ್ಮಿಕ ಅಕ್ಕನ ಹೆಸರು ನನಗೆ ಗೊತ್ತಿರಲಿಲ್ಲ, ಅವಳಿಗೆ ಗೊತ್ತು. ಅವರ ಮಗಳೂ ಎಲ್‌ಕೆಜಿಯಂತೆ.

ಪಠ್ಯದಲ್ಲಿ ಸೇರಿಸಿ ಅಂತ ಕೆಲವರು ಹೇಳ್ತಾರೆ. ಸೇರಿಸಿಯಾಗಿದೆ ಸ್ವಾಮಿ! ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ಪರಿಸರ ಶಿಕ್ಷಣ ಕಡ್ಡಾಯ ಅಂತ ಹೇಳಿತು. 2003ರಲ್ಲಿ ಮತ್ತೆ ಆದೇಶ ಕೊಟ್ಟಿತು. ಅದರ ಫಲವನ್ನ ನಾನೂ ಉಂಡಿದ್ದೀನಿ. ವಿಟಿಯುನಲ್ಲಿ ನಮಗೆಲ್ಲ ಪರಿಸರ ಅಧ್ಯಯನದ ಒಂದು ಪೇಪರ್ ಕಡ್ಡಾಯ. ಹಿಂದಿನ ರಾತ್ರಿ ಗೈಡ್ ಓದಿ, ಎ ಬಿ ಸಿ ಡಿ ಗುರುತು ಹಾಕಿ ಪಾಸಾದೆವು. ಪಾಸಾದ ಖುಷಿಗೆ ಪಾರ್ಟಿ ಮಾಡಿ ಪ್ಲಾಸ್ಟಿಕ್ ಲೋಟಗಳನ್ನ ಹಾಸ್ಟೆಲ್ ಕಿಟಕಿಯಿಂದಲೇ ಎಸೆದೆವು. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಆಟದ ಮೂಲಕ ಕಲಿಸಿ ಅನ್ನುತ್ತೆ. ಒಳ್ಳೇದು. ಆದರೆ ಇದನ್ನೂ ವರ್ಕ್‌ಶೀಟ್ ಮಾಡಿ, 'ಮರಕ್ಕೆ ಹಸಿರು ಬಣ್ಣ ತುಂಬಿ' ಅಂತ ಕೊಟ್ಟರೆ ಮುಗೀತು ಕಥೆ. ಹೊಂಗೆ ಚಿಗುರು ಒಂದು ಥರ ಹಸಿರು, ಬೇವು ಇನ್ನೊಂದು, ಮಾವಿನ ಎಳೆ ಎಲೆ ಹಸಿರೇ ಅಲ್ಲ, ತಾಮ್ರದ ಬಣ್ಣ. ಕಿಟಕಿಯಿಂದ ನೋಡಿ ಬಣ್ಣ ಹಾಕಿದ ಮಗುವಿಗೆ ಆ ಶೀಟಿನಲ್ಲಿ ಮಾರ್ಕ್ಸ್ ಕಟ್ ಆಗುತ್ತೆ.

2025ರ ಜೂನ್ 5ಕ್ಕೆ ಮತ್ತೆ ಗ್ರೂಪಿನಲ್ಲಿ ಮೆಸೇಜ್ ಬಂತು. ಮಗಳು ಯುಕೆಜಿ. ಈ ಸಲ ನಾನು ಟೀಚರ್‌ಗೆ ಫೋನ್ ಮಾಡಿ, ಮಾಡೆಲ್ ಬದಲು ಕುಂಡ ಕಳಿಸಬಹುದಾ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಳಿಸಿ ಸರ್, ನನಗೂ ಆ ಥರ್ಮಕೋಲ್ ಗುಡಿಸಿ ಗುಡಿಸಿ ಸಾಕಾಗಿದೆ" ಅಂದರು. ಮಗಳು ಬಾಳೆ ಸಿಪ್ಪೆ, ಚಾಕೊಲೇಟ್ ಕವರ್ ಹೂತ ಕುಂಡವನ್ನ ಕ್ಲಾಸಿನ ಕಿಟಕಿ ಕೆಳಗೆ ಇಟ್ಟು ಬಂದಳು. ಬಹುಮಾನ ಬರಲಿಲ್ಲ. ದಿನಾ ಯಾರು ನೀರು ಚಿಮುಕಿಸಬೇಕು ಅಂತ ಮಕ್ಕಳ ಮಧ್ಯೆ ಜಗಳ ಆಗಿ, ಟೀಚರ್ ಸರದಿ ಪಟ್ಟಿ ಬರೆದು ಅಂಟಿಸಿದ್ದಾರಂತೆ.

ಹಳೇ ಥರ್ಮಕೋಲ್ ಮರ ಇನ್ನೂ ನಮ್ಮ ಮನೆಯ ಅಟ್ಟದ ಮೇಲೇ ಇದೆ. ಗ್ಲಿಟರ್ ಕೂಡ ಉದುರಿಲ್ಲ. ಒಣ ಕಸಕ್ಕೆ ಹಾಕೋಣ ಅಂತ ಎರಡು ಸಲ ಕೆಳಗಿಳಿಸಿದೆ. ಅಷ್ಟು ಹಗುರವಾಗಿ, ಅಷ್ಟು ಜಾಗ ತಿನ್ನೋ, ಬಣ್ಣ ಗ್ಲಿಟರ್ ಅಂಟಿದ ಈ ವಸ್ತುವನ್ನ ನಮ್ಮ ಏರಿಯಾದ ಗುಜರಿಯವರೂ ಬೇಡ ಅಂದರು. "ಅಪ್ಪಾ, ಇದನ್ನ ಮಣ್ಣು ತಿನ್ನಲ್ಲ, ಅಲ್ವಾ?" ಅಂದಳು ಮಗಳು. ಇಲ್ಲ ಪುಟ್ಟಿ ಅಂದೆ. ಮತ್ತೆ ಅಟ್ಟಕ್ಕೇ ಇಟ್ಟೆ.